‘ಸ್ವಲ್ಪ ಜಾಸ್ತಿ ಇದ್ರೆ ಒಳ್ಳೇದೇ ಮೇಡಂ’: ಆಯಿಲ್ ಫುಲ್ ಮಾರ್ಕ್ ದಾಟಿದಾಗ ಏನು ಮಾಡಬೇಕು?

ಪ್ರಶ್ನೆ: ಸರ್, ನಾನು ಆಲ್ದೂರಿನ ಹತ್ತಿರ ಶಾಲಾ ಶಿಕ್ಷಕಿ. ನಮ್ಮದು ನಾಲ್ಕು ವರ್ಷದ 1.2 ಲೀಟರ್ ಪೆಟ್ರೋಲ್ ಕಾರು. ಮೂರು ವಾರದ ಹಿಂದೆ ಚಿಕ್ಕಮಗಳೂರಿನಲ್ಲಿ ಕಂಪನಿ ಸರ್ವಿಸ್ ಸೆಂಟರ್‌ಗೆ ಕೊಟ್ಟು ಸರ್ವಿಸ್ ಮಾಡಿಸಿದೆವು. ಮನೆಗೆ ತಂದ ದಿನದಿಂದ ಸುಟ್ಟ ಎಣ್ಣೆಯ ವಾಸನೆ. ನನ್ನ ತಮ್ಮ ಬಾನೆಟ್ ಎತ್ತಿ ಆಯಿಲ್ ಅಳೆಯುವ ಕಡ್ಡಿ (ಡಿಪ್‌ಸ್ಟಿಕ್) ತೆಗೆದು ನೋಡಿದರೆ ಆಯಿಲ್ ಫುಲ್ ಮಾರ್ಕ್‌ಗಿಂತ ಒಂದು ಸೆಂಟಿಮೀಟರ್ ಮೇಲಿದೆ. ಎರಡು ಮಾರ್ಕ್‌ಗಳ ನಡುವಿನ ಅಂತರವೇ ಎರಡು ಸೆಂಟಿಮೀಟರ್. ಬಿಲ್ಲಿನಲ್ಲಿ 3.5 ಲೀಟರ್ ಆಯಿಲ್ ಎಂದಿದೆ, ಕಾರಿನ ಪುಸ್ತಕದಲ್ಲಿ ಫಿಲ್ಟರ್ ಸಮೇತ 3.1 ಲೀಟರ್ ಎಂದಿದೆ. ಫೋನ್ ಮಾಡಿದರೆ ‘ಘಾಟಿ ಹತ್ತೋ ಗಾಡಿ, ಸ್ವಲ್ಪ ಜಾಸ್ತಿ ಇದ್ರೆ ಒಳ್ಳೇದೇ ಮೇಡಂ’ ಅಂದರು. ಅಷ್ಟರಲ್ಲಿ ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೂ ಹೋಗಿ ಬಂದೆವು, ಒಟ್ಟು 300 ಕಿ.ಮೀ. ಓಡಿದೆ. ಇಂಜಿನ್‌ಗೆ ಏನಾದರೂ ಆಗಿರುತ್ತದೆಯೇ? ಬಿಲ್ಲಿನಲ್ಲಿ ಇಂಜಿನ್ ಫ್ಲಶ್ (ಇಂಜಿನ್ ಒಳಗೆ ತೊಳೆಯುವ ದ್ರವ), ಇನ್ನೂ ಏನೇನೋ ಹಾಕಿದ್ದಾರೆ, ಮಾಡಿದ್ದಾರೋ ಇಲ್ಲವೋ ತಿಳಿಯದು. ವಾರಂಟಿ ಇನ್ನೊಂದು ವರ್ಷ ಇದೆ. ಅಲ್ಲಿಗೇ ಕೊಡಬೇಕೇ, ಬೇರೆ ಗ್ಯಾರೇಜ್ ನೋಡಿಕೊಳ್ಳಬೇಕೇ?

ಉತ್ತರ: ಮೇಡಂ, ಮೊದಲು ನಿಮ್ಮ ಆತಂಕಕ್ಕೆ ಉತ್ತರ ಕೊಡುತ್ತೇನೆ. 300 ಕಿ.ಮೀ. ಓಡಿದ್ದಕ್ಕೆ ಇಂಜಿನ್ ಕೆಟ್ಟಿರುವ ಸಾಧ್ಯತೆ ತೀರಾ ಕಡಿಮೆ. ಆದರೆ ಹೆಚ್ಚಿರುವ ಆಯಿಲನ್ನು ತೆಗೆಸಲೇಬೇಕು, ಈ ವಾರವೇ ತೆಗೆಸಬೇಕು. ಅಲ್ಲಿಯವರೆಗೆ ಘಾಟಿ ಕಡೆಗೆ ಹೋಗಬೇಡಿ, ಹೈವೇಯಲ್ಲಿ ಎಳೆಯಬೇಡಿ. ಚಿಕ್ಕಮಗಳೂರಿನವರೆಗೆ ನಿಧಾನವಾಗಿ ಓಡಿಸಿಕೊಂಡು ಹೋಗಲು ಅಡ್ಡಿಯಿಲ್ಲ. ‘ಜಾಸ್ತಿ ಇದ್ರೆ ಒಳ್ಳೇದು’ ಎಂಬ ಮಾತು ತಪ್ಪು. ಘಾಟಿ ಗಾಡಿಗಂತೂ ಇನ್ನೂ ತಪ್ಪು.

ನಿಮ್ಮ ತಮ್ಮ ಸ್ಕೇಲ್ ಹಿಡಿದು ಅಳೆದು ಬರೆದದ್ದರಿಂದ ಲೆಕ್ಕ ಹಾಕುವುದು ಸುಲಭವಾಯಿತು. ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಲೋ ಮಾರ್ಕ್‌ಗೂ ಫುಲ್ ಮಾರ್ಕ್‌ಗೂ ನಡುವೆ ಸಾಮಾನ್ಯವಾಗಿ ಮುಕ್ಕಾಲರಿಂದ ಒಂದು ಲೀಟರ್ ಹಿಡಿಯುತ್ತದೆ. ನಿಮ್ಮದರಲ್ಲಿ ಅದು ಎರಡು ಸೆಂಟಿಮೀಟರ್, ಮೇಲೆ ಏರಿರುವುದು ಒಂದು ಸೆಂಟಿಮೀಟರ್. ಅಂದರೆ ಹತ್ತಿರ ಹತ್ತಿರ 400ರಿಂದ 500 ಮಿ.ಲೀ. ಹೆಚ್ಚು. ಈಗ ಬಿಲ್ ನೋಡಿ. 3.5ರಲ್ಲಿ 3.1 ಕಳೆದರೆ 400 ಮಿ.ಲೀ. ಎರಡೂ ಲೆಕ್ಕ ಒಂದಕ್ಕೊಂದು ಹೊಂದುತ್ತವೆ. ಇಂಥ ಕಾರುಗಳ ಆಯಿಲ್ ಹೆಚ್ಚಾಗಿ ಬರುವುದು 3 ಲೀಟರ್, 3.5 ಲೀಟರ್ ಡಬ್ಬಗಳಲ್ಲಿ. ನಿಮ್ಮ ಕಾರಿಗೆ 3.5ರ ಡಬ್ಬ ಒಡೆದಿದ್ದಾರೆ, ಪೂರ್ತಿ ಸುರಿದಿದ್ದಾರೆ, ಡಿಪ್‌ಸ್ಟಿಕ್ ಎಳೆದು ನೋಡಿಲ್ಲ. ಉಳಿದ 400 ಮಿ.ಲೀ. ಡಬ್ಬದಲ್ಲೇ ಬಿಟ್ಟು ನಿಮ್ಮ ಕೈಗೆ ಕೊಡಬೇಕಿತ್ತು, ದುಡ್ಡು ಕೊಟ್ಟವರು ನೀವು.

ನನಗೆ ಬೇಸರ ತರುವುದು ಆ 400 ಮಿ.ಲೀ. ಅಲ್ಲ. ಡಿಪ್‌ಸ್ಟಿಕ್ ನೋಡುವುದು ಆಯಿಲ್ ಬದಲಿಸುವ ಕೆಲಸದ ಕೊನೆಯ ಹೆಜ್ಜೆ, ಅರ್ಧ ನಿಮಿಷ ಹಿಡಿಯುವುದಿಲ್ಲ. ಅದನ್ನೇ ಮಾಡಿಲ್ಲವೆಂದರೆ ಆ ಕೆಲಸ ಯಾರ ಕೈಯಲ್ಲೂ ಮುಗಿದಿಲ್ಲ ಎಂದರ್ಥ. ಹಾಗಾಗಿ ಹಳೇ ಆಯಿಲ್ ಬಸಿಯಲು ಬಿಚ್ಚುವ ಡ್ರೈನ್ ಬೋಲ್ಟ್ ಸರಿಯಾಗಿ ಬಿಗಿದಿದ್ದಾರೆಯೇ, ಫಿಲ್ಟರ್ ನಿಜಕ್ಕೂ ಬದಲಿಸಿದ್ದಾರೆಯೇ, ಬ್ರೇಕ್ ನೋಡಲು ಚಕ್ರ ಬಿಚ್ಚಿದ್ದರೆ ನಟ್ ಬಿಗಿದಿದ್ದಾರೆಯೇ, ಇವೆಲ್ಲವನ್ನೂ ಮತ್ತೊಮ್ಮೆ ನೋಡಲೇಬೇಕು. ನೀವು ಆಯಿಲ್ ವಿಚಾರಕ್ಕೆ ಹೋದಾಗ ಈ ಮೂರನ್ನೂ ಕಣ್ಣೆದುರೇ ನೋಡಿಸಿ.

ಹೆಚ್ಚಾದರೆ ಏನಾಗುತ್ತದೆ ಎನ್ನುವುದನ್ನು ಬಿಡಿಸಿ ಹೇಳುತ್ತೇನೆ, ಕೌಂಟರ್‌ನಲ್ಲಿ ಮಾತಾಡುವಾಗ ನಿಮಗೆ ಬೇಕಾಗುತ್ತದೆ. ಇಂಜಿನ್ ಅಡಿಯಲ್ಲಿ ಒಂದು ತಗ್ಗಾದ ಪಾತ್ರೆ ಇದೆ, ಅದನ್ನು ನಾವು ಚೇಂಬರ್ ಅನ್ನುತ್ತೇವೆ. ಆಯಿಲ್ ಅದರಲ್ಲಿ ನಿಂತಿರುತ್ತದೆ. ಅದರ ಮೇಲೆ, ಸ್ವಲ್ಪವೇ ಅಂತರದಲ್ಲಿ, ಇಂಜಿನ್‌ನ ಮುಖ್ಯ ದಂಡವಾದ ಕ್ರ್ಯಾಂಕ್ ಶಾಫ್ಟ್ ತಿರುಗುತ್ತದೆ. ಮೀಟರಿನಲ್ಲಿ 3,000 ಆರ್‌ಪಿಎಂ ತೋರಿಸುತ್ತಿದ್ದರೆ ಅದು ಸೆಕೆಂಡಿಗೆ 50 ಸುತ್ತು ತಿರುಗುತ್ತಿದೆ. ಫುಲ್ ಮಾರ್ಕ್ ಇಟ್ಟಿರುವುದೇ ಆ ಕ್ರ್ಯಾಂಕ್‌ನ ತೂಕದ ಭಾಗ ಆಯಿಲಿಗೆ ತಾಗದಿರಲಿ ಎಂದು. ಮಟ್ಟ ಏರಿ ತಾಗಿದರೆ, ಕಡೆಗೋಲು ಮಜ್ಜಿಗೆಯಲ್ಲಿ ಆಡಿದ ಹಾಗೆ ಆಗುತ್ತದೆ. ಆಯಿಲ್ ನೊರೆಯೇಳುತ್ತದೆ. ಆಯಿಲ್ ಪಂಪ್ ಎಳೆಯುವುದು ಆ ನೊರೆಯನ್ನೇ. ನೊರೆಯಲ್ಲಿ ಅರ್ಧ ಗಾಳಿ, ಬೇರಿಂಗ್‌ಗೆ ಬೇಕಾದ ಒತ್ತಡ ಸಿಗುವುದಿಲ್ಲ. ಆಯಿಲ್ ಜಾಸ್ತಿ ಹಾಕಿದ ಇಂಜಿನ್‌ನಲ್ಲಿ ಆಯಿಲ್ ಕಡಿಮೆಯಾದಾಗಿನ ತೊಂದರೆಯೇ ಕಾಣಿಸಿಕೊಳ್ಳುವುದು ಹೀಗೆ.

ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ ಎರಡನೇ ಗೇರಿನಲ್ಲಿ ಇಂಜಿನ್ ಏರುದನಿಯಲ್ಲಿ ಓಡುತ್ತಿರುತ್ತದೆ, ಪ್ರತಿ ತಿರುವಿನಲ್ಲೂ ಚೇಂಬರ್‌ನ ಆಯಿಲ್ ಒಂದು ಪಕ್ಕಕ್ಕೆ ನುಗ್ಗುತ್ತದೆ. ಸಮತಟ್ಟಾದ ದಾರಿಯಲ್ಲಿ ಕ್ರ್ಯಾಂಕಿಗೆ ತಾಗದಿದ್ದ ಮಟ್ಟ ಅಲ್ಲಿ ತಾಗಬಹುದು. ಘಾಟಿ ಗಾಡಿಗೆ ಜಾಸ್ತಿ ಆಯಿಲ್ ಒಳ್ಳೆಯದಲ್ಲ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಇನ್ನೊಂದು ತೊಂದರೆ ಬ್ರೀದರ್ ಪೈಪಿನದು. ಇಂಜಿನ್ ಒಳಗಿನ ಹಬೆಯನ್ನು ಮತ್ತೆ ಗಾಳಿಯ ದಾರಿಗೆ ಕಳಿಸುವ ಕೊಳವೆ ಅದು. ಆಯಿಲ್ ಹೆಚ್ಚಿದ್ದರೆ ಹಬೆಯ ಜೊತೆ ಆಯಿಲ್ ಹನಿಗಳೂ ಹೋಗಿ ಪೆಟ್ರೋಲ್ ಜೊತೆ ಉರಿಯುತ್ತವೆ. ಸೈಲೆನ್ಸರ್‌ನಿಂದ ನೀಲಿ ಹೊಗೆ ಬರುವುದು, ಸ್ಪಾರ್ಕ್ ಪ್ಲಗ್ ಕಪ್ಪಾಗುವುದು ಆಗ. ಬಹಳ ದಿನ ಹಾಗೇ ಓಡಿಸಿದರೆ ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಡುತ್ತದೆ, ಅದರ ಬೆಲೆ ಕೇಳಿದರೆ ಒಂದು ತಿಂಗಳ ಸಂಬಳ ನೆನಪಾಗುತ್ತದೆ. ಒಳಗಿನ ಒತ್ತಡಕ್ಕೆ ಆಯಿಲ್ ಸೀಲುಗಳು ಸೋರಲು ಶುರುವಾಗುವುದೂ ಉಂಟು.

ಆದರೆ ಸರ್ವಿಸ್ ಸೆಂಟರ್‌ಗೆ ಹೋಗುವ ಮುನ್ನ ಅಳತೆ ಸರಿಯಿದೆಯೇ ಎಂದು ಇನ್ನೊಮ್ಮೆ ನೋಡಿಕೊಳ್ಳಿ. ಮಲೆನಾಡಿನಲ್ಲಿ ಇದು ಸುಲಭವಲ್ಲ, ಏಕೆಂದರೆ ನಮ್ಮ ಮನೆಯಂಗಳಗಳು ಸಮ ಇರುವುದಿಲ್ಲ. ಕಾರಿನ ಮೂತಿ ತುಸು ಕೆಳಗಿದ್ದರೂ ಕಡ್ಡಿಯಲ್ಲಿ ನಾಲ್ಕೈದು ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. ಕಾಫಿ ಒಣಗಿಸುವ ಸಿಮೆಂಟ್ ಕಣ ಒಳ್ಳೆಯ ಜಾಗ, ಆದರೆ ನೀರು ಹರಿಯಲೆಂದು ಅದಕ್ಕೂ ಒಂದಿಷ್ಟು ಇಳಿಜಾರು ಕೊಟ್ಟಿರುತ್ತಾರೆ. ಅದಕ್ಕೆ ನಾನು ಹೇಳುವ ಉಪಾಯ ಇದು: ಒಮ್ಮೆ ನೋಡಿ, ಕಾರನ್ನು ಅದೇ ಜಾಗದಲ್ಲಿ ಹಿಂದುಮುಂದಾಗಿ ನಿಲ್ಲಿಸಿ ಮತ್ತೊಮ್ಮೆ ನೋಡಿ, ಎರಡರ ನಡುವಿನದನ್ನು ಹಿಡಿಯಿರಿ. ಪೆಟ್ರೋಲ್ ಬಂಕ್‌ನಲ್ಲಿ ಗಾಳಿ ಹಿಡಿಸುವ ಜಾಗವೂ ಸಾಮಾನ್ಯವಾಗಿ ಸಮವಾಗಿರುತ್ತದೆ.

ಇಂಜಿನ್ ಬಿಸಿಯಾಗುವಷ್ಟು ಓಡಿಸಿ, ಆಫ್ ಮಾಡಿ, ಹತ್ತು ನಿಮಿಷ ಬಿಡಿ. ಕಡ್ಡಿ ಎಳೆದು ಬನಿಯನ್ ಬಟ್ಟೆಯಲ್ಲಿ ಪೂರ್ತಿ ಒರೆಸಿ. ಕೊನೆತನಕ ಒತ್ತಿ ಹಾಕಿ, ಮತ್ತೆ ಎಳೆದು ಕಡ್ಡಿಯನ್ನು ಅಡ್ಡಲಾಗಿ ಹಿಡಿದು ನೋಡಿ. ಹೊಸ ಆಯಿಲ್ ಕಡಲೆಕಾಯಿ ಎಣ್ಣೆಯ ಹಾಗೆ ತಿಳಿಯಾಗಿರುತ್ತದೆ, ಗೆರೆ ಕಾಣುವುದು ಕಷ್ಟ. ಬಿಳಿ ಕಾಗದದ ಮೇಲೆ ಕಡ್ಡಿಯ ತುದಿ ಮಲಗಿಸಿದರೆ ಒದ್ದೆ ಎಲ್ಲಿಯವರೆಗೆ ಇದೆ ಎಂದು ಕಾಗದವೇ ತೋರಿಸುತ್ತದೆ. ಕಡ್ಡಿಯ ಎರಡು ಮಗ್ಗುಲಲ್ಲಿ ಎರಡು ಮಟ್ಟ ಕಂಡರೆ ಕೆಳಗಿನದೇ ಸರಿ, ಮೇಲಿನದು ಕೊಳವೆಯ ಗೋಡೆಗೆ ತಾಗಿ ಸವರಿಕೊಂಡದ್ದು.

ಎರಡು ಮೂರು ಮಿಲಿಮೀಟರ್ ಮೇಲಿದ್ದರೆ ನಾನು ಯಾರಿಗೂ ತೆಗೆಸಿ ಅನ್ನುವುದಿಲ್ಲ. ಎರಡು ಮಾರ್ಕ್‌ಗಳ ಅಂತರದ ಕಾಲು ಭಾಗ ದಾಟಿದರೆ ತೆಗೆಯುವುದು ಒಳ್ಳೆಯದು. ನಿಮ್ಮ ಹಾಗೆ ಅರ್ಧ ಭಾಗ ಏರಿದ್ದರೆ ತೆಗೆಯಲೇಬೇಕು. ಒಂದು ಲೀಟರ್ ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಸ್ಟಾರ್ಟ್ ಮಾಡುವುದೇ ಬೇಡ, ಗಾಡಿ ಇದ್ದ ಜಾಗದಲ್ಲೇ ತೆಗೆಸಬೇಕು.

ಒಂದು ಲೀಟರ್ ಯಾರು ಜಾಸ್ತಿ ಹಾಕುತ್ತಾರೆ ಅನ್ನಬೇಡಿ. 2003ರಲ್ಲಿ, ಹಾಸನದಲ್ಲಿ ನಾನು ಸ್ವಂತ ಗ್ಯಾರೇಜ್ ತೆರೆದು ಐದು ವರ್ಷವಾಗಿತ್ತು, ನನ್ನ ಶೆಡ್ಡಿನಲ್ಲೇ ಮೂರು ಲೀಟರ್ ಜಾಸ್ತಿ ಬಿದ್ದಿತ್ತು. ಅರಕಲಗೂಡಿನವರ ಕಾರು. ಒಬ್ಬ ಹುಡುಗ ಆಯಿಲ್ ತುಂಬಿ ಊಟಕ್ಕೆ ಹೋದ. ಇನ್ನೊಬ್ಬ ಬಂದವನು ಹಳೇ ಆಯಿಲಿನ ಬಾಣಲೆ ಕೆಳಗೆ ಇನ್ನೂ ಇದ್ದದ್ದು ನೋಡಿ, ಈಗಷ್ಟೇ ಬಸಿದಿದ್ದಾರೆ ಎಂದುಕೊಂಡು ಮತ್ತೆ ತುಂಬಿದ. ಸ್ಟಾರ್ಟ್ ಮಾಡಿದ ಒಂದೇ ನಿಮಿಷಕ್ಕೆ ಶೆಡ್ ತುಂಬ ಹೊಗೆ, ಎದುರಿನ ಗೋಡೆ ಕಾಣುತ್ತಿರಲಿಲ್ಲ. ಎಲ್ಲ ಬಸಿದೆವು, ಪ್ಲಗ್ ಬದಲಿಸಿದೆವು, ಗಾಳಿಯ ದಾರಿ ಪೂರ್ತಿ ಒರೆಸಿದೆವು. ಇಂಜಿನ್ ಉಳಿಯಿತು. ಆದರೆ ಒಂದು ತಿಂಗಳೊಳಗೆ ಗೇರ್‌ಬಾಕ್ಸ್ ಕಡೆಯ ಆಯಿಲ್ ಸೀಲ್ ಸೋರತೊಡಗಿತು. ಗೇರ್‌ಬಾಕ್ಸ್ ಇಳಿಸಿ ಹಾಕಬೇಕಾದ ಸೀಲ್ ಅದು, ಎರಡು ದಿನದ ಕೆಲಸ. ನನ್ನ ಖರ್ಚಿನಲ್ಲೇ ಮಾಡಿಕೊಟ್ಟೆ. ಅಂದಿನಿಂದ ನಮ್ಮಲ್ಲಿ ಒಂದು ಪದ್ಧತಿ ಇದೆ. ಆಯಿಲ್ ಬಸಿದ ತಕ್ಷಣ ಸ್ಟೇರಿಂಗ್‌ಗೆ ಕೆಂಪು ಬಟ್ಟೆ ಕಟ್ಟಬೇಕು. ತುಂಬಿದವನೇ, ಇಂಜಿನ್ ಓಡಿಸಿ ನಿಲ್ಲಿಸಿ, ಕಡ್ಡಿ ತಂದು ನನಗೆ ತೋರಿಸಿ ಆ ಬಟ್ಟೆ ಬಿಚ್ಚಬೇಕು.

ಸರ್ವಿಸ್ ಸೆಂಟರ್‌ಗಳಲ್ಲಿ ಇದು ಹೇಗೆ ಆಗುತ್ತದೆ ಎನ್ನುವುದೂ ನನಗೆ ಗೊತ್ತು, ಗ್ಯಾರೇಜ್ ತೆರೆಯುವ ಮುಂಚೆ ನಾಲ್ಕು ವರ್ಷ ಅಂಥ ಕಡೆ ಕೆಲಸ ಮಾಡಿದ್ದೇನೆ. ಒಬ್ಬ ಹುಡುಗನ ತಲೆಯ ಮೇಲೆ ದಿನಕ್ಕೆ ಇಷ್ಟು ಗಾಡಿ ಎಂದು ಇರುತ್ತದೆ. ಇಂಜಿನ್ ಥಂಡಿ ಇರುವಾಗಲೇ ಬಸಿಯುತ್ತಾರೆ, ಆಗ ಆಯಿಲ್ ಗಟ್ಟಿಯಾಗಿ ಒಂದಿಷ್ಟು ಒಳಗೇ ನಿಲ್ಲುತ್ತದೆ. ಧಾರೆ ನಿಂತು ಹನಿ ಶುರುವಾದ ಕೂಡಲೇ ಬೋಲ್ಟ್ ಹಾಕುತ್ತಾರೆ. ಆಮೇಲೆ ಪೂರ್ತಿ ಡಬ್ಬ. ಕೆಲವರು ಇಂಜಿನ್ ಆಫ್ ಮಾಡಿದ ಮರುಕ್ಷಣವೇ ಕಡ್ಡಿ ನೋಡುತ್ತಾರೆ, ಆಗ ಆಯಿಲ್ ಇನ್ನೂ ಮೇಲಿನಿಂದ ಇಳಿದಿರುವುದಿಲ್ಲ, ಕಡಿಮೆ ತೋರಿಸುತ್ತದೆ, ಮತ್ತಷ್ಟು ಸುರಿಯುತ್ತಾರೆ. ಇನ್ನು ಫಿಲ್ಟರ್ ಬದಲಿಸದೆ ಫಿಲ್ಟರ್ ಸಮೇತದ ಅಳತೆಯಷ್ಟು ಹಾಕಿದರೂ ಮಟ್ಟ ಏರುತ್ತದೆ, ಏಕೆಂದರೆ ಹಳೇ ಫಿಲ್ಟರ್ ಒಳಗೆ 200 ಮಿ.ಲೀ. ಹೆಚ್ಚುಕಡಿಮೆ ಹಳೇ ಆಯಿಲ್ ಹಾಗೇ ಉಳಿದಿರುತ್ತದೆ. ನಿಮ್ಮದರಲ್ಲಿ ಡಬ್ಬದ ಲೆಕ್ಕವೇ ಸಾಕಾಗುತ್ತದೆ, ಆದರೂ ಫಿಲ್ಟರ್ ಕಣ್ಣಲ್ಲಿ ನೋಡಿ. ಮೂರು ವಾರದ ಫಿಲ್ಟರ್ ಬಣ್ಣ ಹೊಳೆಯುತ್ತಿರುತ್ತದೆ. ಹತ್ತು ಸಾವಿರ ಓಡಿದ್ದು ಕೆಂಪು ದೂಳು ಮೆತ್ತಿಕೊಂಡು, ಅಲ್ಲಲ್ಲಿ ಕಲ್ಲು ಬಡಿದ ಗುರುತು ಹೊತ್ತಿರುತ್ತದೆ. ಮೊಬೈಲನ್ನು ಕೆಳಗೆ ಚಾಚಿ ಫ್ಲಾಶ್ ಹಾಕಿ ಫೋಟೊ ತೆಗೆದರೆ ತಿಳಿದುಹೋಗುತ್ತದೆ.

ತೆಗೆಯುವ ವಿಧಾನ ಎರಡು. ಡ್ರೈನ್ ಬೋಲ್ಟ್ ಸಡಿಲಿಸಿ ಬೇಕಾದಷ್ಟು ಬಿಟ್ಟು ಮತ್ತೆ ಬಿಗಿಯುವುದು ಒಂದು. ಇದಕ್ಕೆ ರ‍್ಯಾಂಪ್ ಬೇಕು, ಕೈಗೆ ಬಿಸಿ ಆಯಿಲ್ ಬೀಳದಂತೆ ನೋಡಿಕೊಳ್ಳಬೇಕು, ವಾಷರ್ ಹೊಸದು ಹಾಕಬೇಕು. ಜಾಕಿ ಒಂದನ್ನೇ ನಂಬಿ ಯಾರೂ ಕಾರಿನ ಅಡಿಗೆ ಹೋಗಬಾರದು. ಎರಡನೆಯದು ನನಗೆ ಇಷ್ಟ: ಡಿಪ್‌ಸ್ಟಿಕ್ ಇರುವ ಕೊಳವೆಯೊಳಗೆ ಸಣ್ಣ ಪ್ಲಾಸ್ಟಿಕ್ ಟ್ಯೂಬ್ ಇಳಿಸಿ, ದೊಡ್ಡ ಸಿರಿಂಜ್‌ನಿಂದ ಎಳೆಯುವುದು. ಹೊಸ ಟ್ಯೂಬ್, ಹೊಸ ಸಿರಿಂಜ್ ಇರಬೇಕು. ಬಾಯಿಂದ ಎಳೆಯುವ ಸಾಹಸ ಖಂಡಿತ ಬೇಡ. 100 ಮಿ.ಲೀ. ಸಿರಿಂಜ್ ಆದರೆ ಎಳೆದದ್ದು ಎಷ್ಟೆಂದು ಲೆಕ್ಕವೂ ಸಿಗುತ್ತದೆ. 300 ತೆಗೆದು ನಿಲ್ಲಿಸಿ, ಕಡ್ಡಿ ನೋಡಿ, ಆಮೇಲೆ ಐವತ್ತು ಐವತ್ತಾಗಿ ತೆಗೆಯಿರಿ. ಫುಲ್ ಮಾರ್ಕ್‌ಗಿಂತ ಎರಡು ಮಿಲಿಮೀಟರ್ ಕೆಳಗೆ ನಿಂತರೆ ಸಾಕು. ನಿಮ್ಮ ತಮ್ಮ ಇದನ್ನು ಮನೆಯಲ್ಲೇ ಮಾಡಬಲ್ಲರು, ಆದರೆ ವಾರಂಟಿ ಇರುವುದರಿಂದ ಮೊದಲು ತುಂಬಿದವರಿಂದಲೇ ತೆಗೆಸಿ. ತಪ್ಪು ಅವರ ದಾಖಲೆಯಲ್ಲಿ ಬರಬೇಕು, ಅದಕ್ಕೆ ಈ ಮಾತು.

ಹೋದಾಗ ನಾಲ್ಕು ಕಡೆ ನೋಡಿಸಿ. ಏರ್ ಫಿಲ್ಟರ್ ಡಬ್ಬಿ ತೆಗೆದು ಒಳಗೆ ಆಯಿಲ್ ಪಸೆ ಇದೆಯೇ ನೋಡಲಿ. ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಿ ತೋರಿಸಲಿ, ತಿಳಿ ಕಂದು ಬಣ್ಣ ಇದ್ದರೆ ಸರಿ, ಒದ್ದೆಯಾಗಿ ಕಪ್ಪಿದ್ದರೆ ಆಯಿಲ್ ಒಳಗೆ ಹೋಗಿದೆ. ಇಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದ ಕೆಳಗೂ ಬೆಲ್ಟ್ ಇರುವ ಕಡೆಯೂ ಹೊಸ ಒದ್ದೆ ಇದೆಯೇ ನೋಡಲಿ. ಬೆಳಿಗ್ಗೆ ಮೊದಲ ಸ್ಟಾರ್ಟ್‌ನಲ್ಲಿ ಸೈಲೆನ್ಸರ್ ಹಿಂದೆ ನಿಂತು ಹೊಗೆಯ ಬಣ್ಣ ನೀವೇ ಗಮನಿಸಿ. ಮಲೆನಾಡಿನ ಚಳಿಯಲ್ಲಿ ಬಿಳಿ ಹಬೆ ಸಹಜ, ನೀಲಿ ಸಹಜವಲ್ಲ. ಇವು ನಾಲ್ಕೂ ಸರಿಯಿದ್ದು, ಕೆಂಪು ಆಯಿಲ್ ದೀಪ ಒಮ್ಮೆಯೂ ಹತ್ತಿಲ್ಲವೆಂದರೆ ನೆಮ್ಮದಿಯಾಗಿರಿ. ಆ ದೀಪ ಓಡುವಾಗ ಕ್ಷಣ ಮಿನುಗಿದರೂ ಗಾಡಿ ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಬೇಕು.

ಸುಟ್ಟ ವಾಸನೆಗೆ ಬಹುಶಃ ಬೇರೆಯೇ ಕಾರಣ ಇದೆ. ಆಯಿಲ್ ಸುರಿಯುವಾಗಲೋ ಫಿಲ್ಟರ್ ಬಿಚ್ಚುವಾಗಲೋ ನಾಲ್ಕು ಹನಿ ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಬಿದ್ದಿದ್ದರೆ ಅದು ಸುಟ್ಟು ಮುಗಿಯುವವರೆಗೆ ವಾಸನೆ ಬರುತ್ತದೆ, ನೂರು ಕಿಲೋಮೀಟರಿನೊಳಗೆ ಹೋಗಬೇಕು. 300 ಓಡಿದ ಮೇಲೂ ಇದೆ ಎಂದರೆ ಎಲ್ಲೋ ಸೋರುತ್ತಿದೆ. ನಾನಾಗಿದ್ದರೆ ಮೊದಲು ಫಿಲ್ಟರಿನ ಬುಡ ನೋಡುತ್ತಿದ್ದೆ. ಹಳೇ ಫಿಲ್ಟರಿನ ರಬ್ಬರ್ ಬಳೆ ಇಂಜಿನ್‌ಗೇ ಅಂಟಿಕೊಂಡು ಉಳಿದು, ಅದರ ಮೇಲೆ ಹೊಸದನ್ನು ಕೂರಿಸಿದರೆ ಎರಡು ಬಳೆ ಒಂದರ ಮೇಲೊಂದು ಸೇರಿ ಒಸರುತ್ತದೆ. ಇದನ್ನು ತಡಮಾಡಬೇಡಿ, ಒಸರು ಧಾರೆಯಾದರೆ ಇಂಜಿನ್ ಬರಿದಾಗಲು ಹೆಚ್ಚು ಹೊತ್ತು ಬೇಕಿಲ್ಲ.

ಡೀಸೆಲ್ ಗಾಡಿ ಇರುವ ಓದುಗರಿಗೂ ಒಂದು ಮಾತು, ತೋಟದ ಕಡೆ ಅವೇ ಹೆಚ್ಚು. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಹೊಗೆ ನಿಯಮದ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇದೆ. ಆ ಮಸಿಯನ್ನು ಸುಡಲು ಇಂಜಿನ್ ಆಗಾಗ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಮನೆಯಿಂದ ತೋಟಕ್ಕೆ, ತೋಟದಿಂದ ಪೇಟೆಗೆ ಎಂದು ಬರೀ ಮೂರು ನಾಲ್ಕು ಕಿಲೋಮೀಟರ್ ಓಡಿಸುತ್ತಿದ್ದರೆ ಆ ಕೆಲಸ ಅರ್ಧಕ್ಕೇ ನಿಂತು, ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ಚೇಂಬರ್ ಸೇರುತ್ತದೆ. ಯಾರೂ ಸುರಿಯದೆ ಆಯಿಲ್ ತಾನಾಗಿ ಏರಿದ್ದರೆ ಕಡ್ಡಿಯನ್ನು ಮೂಸಿ ನೋಡಿ. ಡೀಸೆಲ್ ವಾಸನೆ ಇದ್ದರೆ ಬರೀ ಹೆಚ್ಚಿನದನ್ನು ತೆಗೆದರೆ ಸಾಲದು, ತೆಳುವಾದ ಆಯಿಲನ್ನು ಪೂರ್ತಿ ಬದಲಿಸಬೇಕು. ವಾರಕ್ಕೊಮ್ಮೆಯಾದರೂ ಬೇಲೂರು ಹಾಸನ ರಸ್ತೆಯಂಥ ಕಡೆ ಒಂದೇ ವೇಗದಲ್ಲಿ ಅರ್ಧ ಗಂಟೆ ಓಡಿಸುವುದು ಒಳ್ಳೆಯದು. ಡೀಸೆಲ್‌ನಲ್ಲಿ ಆಯಿಲ್ ಬಹಳ ಏರಿದರೆ ಇಂಜಿನ್ ಆ ಆಯಿಲನ್ನೇ ಎಳೆದು ಉರಿಸಿಕೊಂಡು, ಕೀ ತೆಗೆದರೂ ನಿಲ್ಲದೆ ವೇಗ ಏರುತ್ತಾ ಹೋಗುವ ಅಪಾಯವೂ ಇದೆ. ಆದ್ದರಿಂದ ಡೀಸೆಲ್‌ನವರು ಇನ್ನೂ ಎಚ್ಚರವಾಗಿರಿ.

ಈಗ ನಿಮ್ಮ ಕೊನೆಯ ಪ್ರಶ್ನೆ. ವಾರಂಟಿ ಇರುವ ಈ ಒಂದು ವರ್ಷ ಕಂಪನಿ ಸರ್ವಿಸ್ ಬಿಡಬೇಡಿ. ಅದೇ ಶಾಖೆಗೇ ಹೋಗಬೇಕೆಂದಿಲ್ಲ, ಹಾಸನದ್ದೋ ಕಡೂರಿನ ಕಡೆಯದ್ದೋ ಅದೇ ಕಂಪನಿಯ ಇನ್ನೊಂದು ಸೆಂಟರ್ ಆದರೂ ನಡೆಯುತ್ತದೆ. ಆದರೆ ಕೊಡುವ ರೀತಿ ಬದಲಾಗಬೇಕು. ಶನಿವಾರ ಬೇಡ, ಹಬ್ಬದ ಹಿಂದಿನ ವಾರ ಬೇಡ, ಹಾಸನಕ್ಕೆ ಬರುವುದಾದರೆ ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳೂ ಬೇಡ. ಮಂಗಳವಾರ ಬುಧವಾರ ಬೆಳಿಗ್ಗೆ ಮೊದಲ ಗಾಡಿಯಾಗಿ ಕೊಡಿ.

ಕೊಡುವ ಮುಂಚೆ ಆಯಿಲ್ ಫಿಲ್ಟರ್, ಏರ್ ಫಿಲ್ಟರ್ ಎರಡರ ಮೇಲೂ ಉಗುರುಬಣ್ಣದಲ್ಲಿ ಒಂದು ಚುಕ್ಕೆ ಇಡಿ. ವಾಪಸ್ ಬಂದಾಗ ಚುಕ್ಕೆ ಅಲ್ಲೇ ಇದ್ದರೆ ಯಾವ ವಾದವೂ ಬೇಕಿಲ್ಲ. ಜಾಬ್ ಕಾರ್ಡ್‌ನಲ್ಲಿ (ಗಾಡಿಗೆ ಮಾಡಬೇಕಾದ ಕೆಲಸ ಬರೆಯುವ ಹಾಳೆ) ನಿಮ್ಮ ಮಾತನ್ನು ಬರೆಸಿ: ಆಯಿಲ್ ಪುಸ್ತಕದಲ್ಲಿರುವಷ್ಟೇ ಹಾಕಬೇಕು, ಉಳಿದದ್ದು ಡಬ್ಬದಲ್ಲೇ ವಾಪಸ್ ಕೊಡಬೇಕು, ಹಳೇ ಬಿಡಿಭಾಗ ತೋರಿಸಬೇಕು, ಹೆಚ್ಚುವರಿ ಕೆಲಸಕ್ಕೆ ಮೊದಲು ಫೋನ್ ಮಾಡಬೇಕು. ಬಾಯಲ್ಲಿ ಹೇಳಿದ್ದು ಕೌಂಟರ್‌ನಲ್ಲೇ ಉಳಿಯುತ್ತದೆ, ಬರೆಸಿದ್ದು ಗಾಡಿಯ ಜೊತೆ ಒಳಗೆ ಹೋಗುತ್ತದೆ. ಆಯಿಲ್ ದರ್ಜೆಯನ್ನೂ (ಆಯಿಲ್ ಎಷ್ಟು ತೆಳು, ಎಷ್ಟು ಮಂದ ಎನ್ನುವ ಗುರುತು) ಬರೆಸಿ. ಪುಸ್ತಕದಲ್ಲಿ 0ಡಬ್ಲ್ಯು-20 ಇದ್ದರೆ ಅದನ್ನೇ, 5ಡಬ್ಲ್ಯು-30 ಇದ್ದರೆ ಅದನ್ನೇ.

ಇಂಜಿನ್ ಫ್ಲಶ್ ವಿಚಾರ ಕೇಳಿದ್ದೀರಿ. ಹೇಳಿದ ಕಾಲಕ್ಕೆ ಆಯಿಲ್ ಬದಲಿಸಿಕೊಂಡು ಬಂದ ನಾಲ್ಕು ವರ್ಷದ ಕಾರಿಗೆ ಅದು ಬೇಕಿರಲಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಹಾಕಿ ಪೂರ್ತಿ ಬಸಿಯದಿದ್ದರೆ ಆ ದ್ರವ ಒಳಗೆ ಉಳಿದು ಹೊಸ ಆಯಿಲನ್ನೇ ತೆಳುವಾಗಿಸುತ್ತದೆ. ಕಾರಿನ ಪುಸ್ತಕದ ಹಿಂಭಾಗದಲ್ಲಿ ಎಷ್ಟು ಕಿಲೋಮೀಟರಿಗೆ ಏನು ಮಾಡಬೇಕು ಎಂಬ ಪಟ್ಟಿ ಇರುತ್ತದೆ. ಆ ಪಟ್ಟಿಯಲ್ಲಿ ಇಲ್ಲದ ಯಾವುದಕ್ಕೂ, ಗಾಡಿಯಲ್ಲಿ ತೊಂದರೆ ಇಲ್ಲದಿದ್ದರೆ, ಬೇಡ ಅನ್ನಿ. ಕೌಂಟರ್‌ನಲ್ಲಿ ಕೂರುವವರಿಗೆ ಇಂಥದ್ದನ್ನು ಮಾರಿದರೆ ಇಷ್ಟು ಎಂದು ಸಿಗುವುದು ಹಲವು ಕಡೆ ಇದೆ. ಅವರ ಮೇಲೆ ಸಿಟ್ಟಾಗದೆ, ಮೆಲ್ಲಗೆ, ಗಟ್ಟಿಯಾಗಿ ಬೇಡ ಎಂದರೆ ಸಾಕು.

ಗಾಡಿ ತೆಗೆದುಕೊಳ್ಳುವಾಗ ದುಡ್ಡು ಕಟ್ಟುವ ಮುಂಚೆ ಅವರ ಅಂಗಳದಲ್ಲೇ ಡಿಪ್‌ಸ್ಟಿಕ್ ತೋರಿಸಲು ಕೇಳಿ. ಹೆಣ್ಣುಮಗಳು ಬಾನೆಟ್ ಎತ್ತಿಸಿದರೆ ನಗುವವರು ಇನ್ನೂ ಇದ್ದಾರೆ, ನನಗೆ ಗೊತ್ತು. ನಗಲಿ. ಅವತ್ತು ನಗುವ ಹುಡುಗನೇ ಮುಂದಿನ ಸಲ ನಿಮ್ಮ ಗಾಡಿಯ ಕಡ್ಡಿಯನ್ನು ಎರಡು ಸಲ ನೋಡಿ ಹೊರಗೆ ಬಿಡುತ್ತಾನೆ.

ವಾರಂಟಿ ಮುಗಿದ ಮೇಲೆ ಸ್ಥಳೀಯ ಗ್ಯಾರೇಜಿಗೆ ಕೊಡಲು ನನ್ನ ಅಡ್ಡಿಯಿಲ್ಲ, ನಾನೇ ಆ ಕಸುಬಿನವನು. ಆದರೆ ಅಗ್ಗ ಎಂಬ ಒಂದೇ ಕಾರಣಕ್ಕೆ ಹೋಗಬೇಡಿ. ಒಮ್ಮೆ ಬರೀ ಆಯಿಲ್ ಬದಲಿಸಲು ಹೋಗಿ ಪಕ್ಕದಲ್ಲಿ ನಿಂತು ನೋಡಿ. ನಿಮ್ಮ ಗಾಡಿಗೆ ಯಾವ ದರ್ಜೆ, ಎಷ್ಟು ಲೀಟರ್ ಎಂದು ಆತ ಪುಸ್ತಕ ತೆಗೆದು ನೋಡುತ್ತಾನೆಯೇ? ಡ್ರೈನ್ ಬೋಲ್ಟಿನ ವಾಷರ್ ಬದಲಿಸುತ್ತಾನೆಯೇ? ಹೊಸ ಫಿಲ್ಟರಿನ ರಬ್ಬರ್ ಬಳೆಗೆ ಬೆರಳಲ್ಲಿ ಆಯಿಲ್ ಸವರಿ, ಕೈಯಲ್ಲೇ ತಿರುಗಿಸಿ ಬಿಗಿಯುತ್ತಾನೆಯೇ? ಡಬ್ಬದಲ್ಲಿ ಸ್ವಲ್ಪ ಉಳಿಸಿಕೊಂಡು, ಒಂದು ನಿಮಿಷ ಇಂಜಿನ್ ಓಡಿಸಿ, ನಿಲ್ಲಿಸಿ, ಕಡ್ಡಿ ನೋಡಿ ಆಮೇಲೆ ಉಳಿದದ್ದನ್ನು ಇಷ್ಟಿಷ್ಟೇ ಹಾಕುತ್ತಾನೆಯೇ? ಇಷ್ಟು ಮಾಡುವವನು ಸಿಕ್ಕರೆ ಬಿಡಬೇಡಿ, ಹತ್ತು ಕಿಲೋಮೀಟರ್ ದೂರವಾದರೂ ಅವನ ಹತ್ತಿರವೇ ಹೋಗಿ.

ದೂರಿನ ವಿಚಾರ. ಈಗ ಸರ್ವಿಸ್ ಮ್ಯಾನೇಜರ್ ಮುಂದೆ ಕೂತು ಬಿಲ್, ಪುಸ್ತಕದ ಪುಟ, ಕಡ್ಡಿಯ ಫೋಟೊ ಮೂರನ್ನೂ ಮೇಜಿನ ಮೇಲೆ ಇಡಿ. ಹೆಚ್ಚಿನ ಆಯಿಲ್ ಉಚಿತವಾಗಿ ತೆಗೆದುಕೊಡಲಿ, ಎಷ್ಟು ತೆಗೆದರು ಎಂದು ಜಾಬ್ ಕಾರ್ಡ್‌ನಲ್ಲಿ ಬರೆದು ಸಹಿ ಮಾಡಲಿ. ಆ ಒಂದು ಸಾಲು ನಿಮ್ಮ ಹತ್ತಿರ ಇರಬೇಕು. ಮುಂದೆ ಸೀಲ್ ಸೋರಿದರೂ ಕನ್ವರ್ಟರ್ ಕೆಟ್ಟರೂ ‘ಅದು ನಮ್ಮಿಂದ ಆದದ್ದಲ್ಲ’ ಎಂದು ನುಣುಚಿಕೊಳ್ಳಲು ಸುಲಭವಾಗುವುದಿಲ್ಲ. ಬರೆದುಕೊಡಲು ಒಪ್ಪದಿದ್ದರೆ ಕಂಪನಿಯ ಗ್ರಾಹಕ ವಿಭಾಗಕ್ಕೆ ಅದೇ ದಿನ ಇಮೇಲ್ ಮಾಡಿ. ಅದಕ್ಕೂ ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಇದು ಸೇವಾ ನ್ಯೂನತೆಯ ವ್ಯಾಪ್ತಿಗೆ ಬರುತ್ತದೆ. ನೀವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ, ಎರಡು ವರ್ಷದೊಳಗೆ ದೂರು ಕೊಡಬಹುದು, ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕು ಎಂದೂ ಇಲ್ಲ. ಅರ್ಧ ಲೀಟರ್ ಆಯಿಲಿಗೆ ಆಯೋಗದ ಮೆಟ್ಟಿಲು ಹತ್ತಿ ಎಂದು ನಾನು ಹೇಳುತ್ತಿಲ್ಲ. ಆದರೆ ಇಂಜಿನ್ ಕೆಟ್ಟು ಸರ್ವಿಸ್ ಸೆಂಟರಿನವರು ಕೈ ಎತ್ತಿದರೆ ಹತ್ತಲೇಬೇಕು, ಆಗ ಕೆಲಸಕ್ಕೆ ಬರುವುದು ಇವತ್ತಿನ ಫೋಟೊ, ಇವತ್ತಿನ ಸಹಿ.

ತೆಗೆದ ಆಯಿಲನ್ನು ಬಿಟ್ಟು ಬರಬೇಡಿ. 300 ಕಿ.ಮೀ. ಓಡಿದ್ದು ಹೊಸದೇ ಸರಿ. ಸಿರಿಂಜ್‌ನಿಂದ ಶುದ್ಧವಾಗಿ ತೆಗೆದಿದ್ದರೆ ಒಣಗಿದ ಬಾಟಲಿಗೆ ಹಾಕಿ, ದರ್ಜೆ ಮತ್ತು ತಾರೀಖು ಬರೆದ ಚೀಟಿ ಅಂಟಿಸಿ ಡಿಕ್ಕಿಯಲ್ಲಿಡಿ, ಮುಂದೆ ಮಟ್ಟ ಇಳಿದಾಗ ಬೇಕಾಗುತ್ತದೆ. ಬಾಣಲೆಗೆ ಬಿದ್ದು ದೂಳಾಗಿದ್ದರೆ ಅವರ ಹಳೇ ಆಯಿಲ್ ಬ್ಯಾರೆಲ್‌ಗೇ ಹೋಗಲಿ. ಹಳೇ ಇಂಜಿನ್ ಆಯಿಲ್ ನಮ್ಮ ಕಾನೂನಿನಲ್ಲಿ ಅಪಾಯಕಾರಿ ತ್ಯಾಜ್ಯ, ತೋಟದ ತೋಡಿಗೆ ಒಂದು ಹನಿಯೂ ಬೀಳಬಾರದು. ಆಯಿಲ್ ತೆಗೆಸಿ ಬಂದ ಮೇಲೆ ಐವತ್ತು ಕಿಲೋಮೀಟರ್ ಓಡಿಸಿ, ಅದೇ ಸಮ ಜಾಗದಲ್ಲಿ ನಿಲ್ಲಿಸಿ ಮತ್ತೆ ಕಡ್ಡಿ ನೋಡಿ. ತಾರೀಖು, ಕಿಲೋಮೀಟರ್, ಮಟ್ಟ ಮೂರನ್ನೂ ಕಾರಿನ ಪುಸ್ತಕದ ಕೊನೇ ಹಾಳೆಯಲ್ಲಿ ಪೆನ್ಸಿಲ್‌ನಲ್ಲಿ ಬರೆದಿಡಿ. ಏರ್ ಫಿಲ್ಟರ್ ಡಬ್ಬಿಯಲ್ಲಿ ಪಸೆ ಕಂಡಿದ್ದರೆ, ಅಥವಾ ಆ ಐವತ್ತು ಕಿಲೋಮೀಟರ್ ಆದಮೇಲೂ ಸುಟ್ಟ ವಾಸನೆ ನಿಂತಿಲ್ಲದಿದ್ದರೆ, ಫೋಟೊ ಸಮೇತ ಮತ್ತೆ ಬರೆಯಿರಿ, ನೋಡಿ ಹೇಳುತ್ತೇನೆ.